ಗುಲ್ಟೇಕಡಿಯಲ್ಲಿ ನಿಂತ ಗಾಡಿ

ಪುಣೆಗೆ ಬಂದ ನೆಂಟರು ಶನಿವಾರವಾಡೆಯನ್ನು ನೋಡುತ್ತಾರೆ, ಪರ್ವತಿಯ ಮೆಟ್ಟಿಲು ಹತ್ತುತ್ತಾರೆ, ಲಕ್ಷ್ಮೀ ರಸ್ತೆಯಲ್ಲಿ ಸೀರೆ ಕೊಳ್ಳುತ್ತಾರೆ. ಗುಲ್ಟೇಕಡಿಯ ಮಾರ್ಕೆಟ್ ಯಾರ್ಡನ್ನು ತೋರಿಸಿರೆಂದು ಕೇಳಿದವರನ್ನು ನಾನಿನ್ನೂ ಕಾಣೆ. ಆದರೆ ಈ ಊರು ಏನನ್ನು ಉಣ್ಣುತ್ತದೆ, ಯಾರ ಬೆನ್ನಿನ ಮೇಲೆ ನಿಂತಿದೆ ಎಂಬುದನ್ನು ತಿಳಿಯಬೇಕಾದವರು ಒಂದು ದಿನವಾದರೂ ಬೆಳಗಿನ ನಾಲ್ಕು ಗಂಟೆಗೆ ಅಲ್ಲಿಗೆ ಹೋಗಬೇಕು.

ಊರೆಲ್ಲ ಮಲಗಿರುವಾಗ ಅಲ್ಲಿ ನಡುಹಗಲು. ತರಕಾರಿ ಒಂದು ಕಡೆ, ಉಳ್ಳಾಗಡ್ಡಿ-ಬಟಾಟೆ ಇನ್ನೊಂದು ಕಡೆ, ಹಣ್ಣು, ಹೂವು, ಕಾಳುಕಡಿ ಎಲ್ಲಕ್ಕೂ ಬೇರೆ ಬೇರೆ ಪೇಟೆ. ನಮ್ಮ ಕಡೆಯ ಹಸಿಮೆಣಸಿನಕಾಯಿ, ಎಲೆಕೋಸು ಲಾರಿಗಟ್ಟಲೆ ಬಂದು ಇಳಿಯುತ್ತವೆ. ಬೇಸಗೆಯಲ್ಲಿ ‘ಕರ್ನಾಟಕ ಹಾಪೂಸ್’ ಎಂಬ ಹೆಸರಿನಲ್ಲಿ ನಮ್ಮ ಮಾವು ರತ್ನಾಗಿರಿಯ ಮಾವಿನ ಪಕ್ಕದಲ್ಲಿ ಕೂಡುತ್ತದೆ. ಹೊರೆ ಹೊರುವವರಲ್ಲಿಯೂ ನಮ್ಮವರುಂಟು. ಪುಣೆಯ ಹಮಾಲರನ್ನು ಬಾಬಾ ಆಢಾವರು 1950ರ ದಶಕದಲ್ಲಿ ಹಮಾಲ ಪಂಚಾಯತದಲ್ಲಿ ಒಗ್ಗೂಡಿಸಿದರು. 1969ರಲ್ಲಿ ಮಹಾರಾಷ್ಟ್ರ ಸರಕಾರವು ಹೊರೆಯಾಳುಗಳಿಗಾಗಿಯೇ ಒಂದು ಕಾಯಿದೆ ಮಾಡಿತು. ಅಗ್ಗದಲ್ಲಿ ಹೊಟ್ಟೆತುಂಬ ಊಟ ಸಿಗಲೆಂದು ಪಂಚಾಯತವು 1974ರಲ್ಲಿ ‘ಕಷ್ಟಾಚೀ ಭಾಕರ’ ಎಂಬ ಊಟದ ಮನೆಯನ್ನು ತೆರೆಯಿತು. ಕಷ್ಟದ ರೊಟ್ಟಿ! ಹೆಸರಿಗೆ ವಿವರಣೆ ಬೇಕಿಲ್ಲ.

ಕಳೆದ ಶ್ರಾವಣದ ಒಂದು ಭಾನುವಾರ ನಮ್ಮ ಬಡಾವಣೆಯ ಕನ್ನಡಿಗರ ಸಹಭೋಜನವಿತ್ತು. ಅರವತ್ತು ಜನರಿಗೆ ತರಕಾರಿ ತರುವ ಹೊಣೆ ನನ್ನ ಪಾಲಿಗೆ ಬಂತು. ಕೊಂಡದ್ದಾಯಿತು, ಬಾಡಿಗೆಗೆ ಒಂದು ಟೆಂಪೊ ಹಿಡಿದದ್ದಾಯಿತು. ಟೆಂಪೊ ಎಂಬ ಈ ಮಾತಿಗೂ ಪುಣೆಗೂ ನಂಟುಂಟು. 1958ರಲ್ಲಿ ಹುಟ್ಟಿದ ಬಜಾಜ್ ಟೆಂಪೊ ಕಂಪನಿಯು ಜರ್ಮನಿಯ ‘ಟೆಂಪೊ’ ಎಂಬ ಮೂರು ಗಾಲಿಯ ಗಾಡಿಯನ್ನು ನಮ್ಮ ದೇಶದಲ್ಲಿ ಮಾಡತೊಡಗಿತು. ಕಂಪನಿ 2005ರಲ್ಲಿ ಫೋರ್ಸ್ ಮೋಟರ್ಸ್ ಎಂದು ಹೆಸರು ಬದಲಿಸಿಕೊಂಡರೂ, ಸಾಮಾನು ಹೊರುವ ಸಣ್ಣ ಗಾಡಿ ಯಾರದೇ ಇರಲಿ, ಜನರಿಗೆ ಅದು ಟೆಂಪೊ. ನಾನು ಹಿಡಿದದ್ದೂ ಬೇರೆಯೇ ಒಂದು ಹಳೆಯ ಡೀಸೆಲ್ ಗಾಡಿ.

ಅದು ಯಾರ್ಡಿನ ಬಾಗಿಲನ್ನು ದಾಟುವ ಮೊದಲೇ ಎರಡು ಸಲ ಕೆಮ್ಮಿ ನಿಂತಿತು. ಚಾಲಕ ಇಳಿದು ಕೈಪಂಪು ಒತ್ತಿದ, ಹೊರಟಿತು. ನೂರು ಹೆಜ್ಜೆಗೆ ಮತ್ತೆ ನಿಂತಿತು. ಹುಡುಗ ತಲೆಯ ಮೇಲೆ ಕೈಯಿಟ್ಟು, ತನ್ನಷ್ಟಕ್ಕೆ ತಾನೇ, “ಇವತ್ತೂ ಹಿಂಗ ಮಾಡ್ತಲ್ಲೋ ಶಿವನೇ” ಎಂದ. ಅಲ್ಲಿಯವರೆಗೆ ನಾವಿಬ್ಬರೂ ಮರಾಠಿಯಲ್ಲಿ ಬಾಡಿಗೆ ಚೌಕಾಸಿ ಮಾಡಿದವರು!

ವಿಜಯಪುರದ ಇಂಡಿಯ ಕಡೆಯವನು. ಮೂರು ದಿನದಿಂದ ಗಾಡಿಗೆ ಇದೇ ರೋಗ. ಒಂದು ಗ್ಯಾರೇಜಿನಲ್ಲಿ ಪಂಪು ಕೆಟ್ಟಿದೆ, ಹೊಸದು ಹಾಕಬೇಕೆಂದು ಹೇಳಿದ್ದರು; ಅದರ ಬೆಲೆ ಅವನ ಒಂದು ತಿಂಗಳ ಗಳಿಕೆ. ನನ್ನ ಚೀಲಗಳ ಹಿಂದೆ ಅವನ ಕಾಯಂ ಗಿರಾಕಿಗಳ ಕೊತ್ತಂಬರಿ ಜುಡಿಗಳಿದ್ದವು. ಏಳರೊಳಗೆ ಮುಟ್ಟದಿದ್ದರೆ ಸೊಪ್ಪು ಬಾಡುತ್ತದೆ, ಗಿರಾಕಿ ಬೇರೆ ಗಾಡಿ ಹುಡುಕುತ್ತಾನೆ. “ಮನಿಯಾಕಿ ಬೆಂಡೋಲಿ ಒತ್ತಿ ಇಡೂದ ಉಳಿದೈತ್ರಿ ಸಾಹೇಬ್ರ” ಎಂದ.

ಅಷ್ಟರಲ್ಲಿ ಚೀಲವಿಳಿಸಿ ಬೆವರು ಒರೆಸಿಕೊಳ್ಳುತ್ತ ಒಬ್ಬ ಮುದುಕ ಹಮಾಲ ಬಂದ.

“ಯಾಕೊ ತಮ್ಮಾ, ಏನಾಗೇತಿ?”

“ಚಾಲೂ ಆಗತೈತಿ ಮುತ್ಯಾ, ನಿಂದರವಲ್ದು. ಫಿಲ್ಟರ್ ಮೊನ್ನೆ ಹೊಸಾದು ಹಾಕೀನಿ.”

“ಹತ್ತು ಮಿನಿಟ ಬಿಟ್ರ ಮತ್ತ ಹೊಡೀತೈತೇನು?”

“ಹೊಡೀತೈತಿ.”

“ಹಂಗಿದ್ರ ಇಂಜಿನ್ ಸತ್ತಿಲ್ಲೊ, ಅದರ ಉಸಿರ ಕಟ್ಟೇತಿ.”

ಮುತ್ಯಾ ಟಾಕಿಯ ಮುಚ್ಚಳ ತಿರುಗಿಸಿದ. ‘ಉಸ್’ ಎಂದು ಗಾಳಿ ಒಳಗೆ ಎಳೆದುಕೊಂಡ ಸದ್ದು ನನಗೂ ಕೇಳಿಸಿತು. ಮಳೆನೀರು ಇಳಿಯಬಾರದೆಂದು ಹುಡುಗ ಮುಚ್ಚಳದ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಗಿಯಾಗಿ ದಾರ ಕಟ್ಟಿದ್ದ. ಮುಚ್ಚಳದ ಗಾಳಿಕಿಂಡಿಯಲ್ಲಿ ಕೆಸರೂ ತುಂಬಿತ್ತು.

ಸಂಗತಿ ಇಷ್ಟೇ. ಡೀಸೆಲ್ ಇಂಜಿನಿಗೆ ಕಿಡಿ ಬೇಡ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಕಾವಿನಲ್ಲೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಆದರೆ ಟಾಕಿಯಿಂದ ಎಣ್ಣೆ ಇಳಿದಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕು. ಎಣ್ಣೆಯ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಗುಳುಗುಳು ಎಂದು ತಡೆದು ಬೀಳುವುದನ್ನೂ, ಎದುರಿಗೆ ಇನ್ನೊಂದು ತೂತು ಮಾಡಿದರೆ ಧಾರೆಯಾಗಿ ಸುರಿಯುವುದನ್ನೂ ನಮ್ಮ ಮನೆಯ ಹೆಂಗಸರೆಲ್ಲ ಬಲ್ಲರು. ಕಿಂಡಿ ಮುಚ್ಚಿದರೆ ಇಂಜಿನು ಕೊಳವೆಯಲ್ಲಿ ಇದ್ದಷ್ಟನ್ನು ಕುಡಿದು ನಿಲ್ಲುತ್ತದೆ. ನಿಂತಾಗ ಗಾಳಿ ಹೇಗೋ ಒಸರಿ ಒಳಸೇರಿದರೆ ಮತ್ತೆ ಸ್ವಲ್ಪ ದೂರ ಓಡುತ್ತದೆ.

ಮುತ್ಯಾ ಒಂದು ತಂತಿಯಿಂದ ಕಿಂಡಿ ಬಿಡಿಸಿದ. ಮುಚ್ಚಳ ತೆಗೆದಿಟ್ಟು ಓಡಿಸಬಾರದೆಂದೂ, ನೀರು ಇಳಿದರೆ ಇನ್ನೂ ಕೇಡೆಂದೂ, ಸವೆದ ರಬ್ಬರ್ ವಾಷರನ್ನು ಬದಲಿಸೆಂದೂ ಹೇಳಿದ. ಇದರಿಂದಲೂ ಸರಿಹೋಗದಿದ್ದರೆ ರಬ್ಬರ್ ಕೊಳವೆ ಬಿರಿತಿದೆಯೇ, ಜೋಡಣೆ ಸಡಿಲಾಗಿ ಗಾಳಿಗುಳ್ಳೆ ಬರುತ್ತಿದೆಯೇ, ಫಿಲ್ಟರಿನ ತಳದಲ್ಲಿ ನೀರು ನಿಂತಿದೆಯೇ ನೋಡಬೇಕು. “ಪಂಪಿನ ಮಾತು ಎಲ್ಲಾದಕ್ಕಿಂತ ಕಡೀಕ್ಕ.” ಕಾಸಿಲ್ಲದ ಕೆಲಸ ಮೊದಲು, ಕಾಸಿನ ಕೆಲಸ ಕೊನೆಗೆ!

ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದೆ. “ನಮ್ಮ ಬಾವಿ ಮ್ಯಾಲೆ ಕಿರ್ಲೋಸ್ಕರ ಇಂಜಿನ್ ಇತ್ರಿ. ಬಾವಿ ಬತ್ತಿತು, ಇಂಜಿನ್ ಮಾರಿದ್ವಿ, ನಾ ಇಲ್ಲಿಗೆ ಬಂದೆ.” ನಾನು ಸುಮ್ಮನಾದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಆ ಮನೆತನದ ಆಯಿಲ್ ಇಂಜಿನ್ ಕಾರಖಾನೆ 1946ರಲ್ಲಿ ಪುಣೆಯಲ್ಲಿ ಆರಂಭವಾಯಿತು. ನಮ್ಮ ನಾಡಿನ ಬಾವಿಗಳ ಮೇಲೆ ಆ ಇಂಜಿನುಗಳು ನೀರೆತ್ತಿದವು. ಈಗ ಆ ಬಾವಿಯ ದಡದಲ್ಲಿ ಕಲಿತ ವಿದ್ಯೆ ಹಮಾಲನ ತಲೆಯೊಳಗೆ ಕೂತು ಪುಣೆಗೆ ಬಂದಿದೆ; ಅವನ ಬೆನ್ನಿಗೆ ಗಿರಾಕಿಯುಂಟು, ಆ ವಿದ್ಯೆಯನ್ನು ಕೇಳುವವರಿಲ್ಲ. ಮೂವತ್ತು ವರ್ಷದಿಂದ ಆ ಯಾರ್ಡಿಗೆ ಹೋಗಿಬರುವ ನಾನೂ ಕೇಳಿದವನಲ್ಲ.

ಹುಡುಗ ಕೊಟ್ಟ ನೋಟನ್ನು ಮುತ್ಯಾ ಮುಟ್ಟಲಿಲ್ಲ, ಒಂದು ಕಪ್ಪು ಚಹ ಕುಡಿದ. ಮಧ್ಯಾಹ್ನದ ಊಟಕ್ಕೆ ಬರಬೇಕೆಂದು ಕರೆದೆ. “ಐತವಾರ ಪ್ಯಾಟಿ ಜೋರ ಇರತೈತ್ರಿ, ಬಿಡುವಾಗೂದಿಲ್ಲ” ಎಂದು ಎದ್ದು ಹೋದ. ಕೊತ್ತಂಬರಿ ಏಳರೊಳಗೆ ಮುಟ್ಟಿತು. ಹುಡುಗ ಮಧ್ಯಾಹ್ನ ನಮ್ಮ ಪಂಕ್ತಿಯಲ್ಲಿ ಕೂತು ಉಂಡ. ಹಿಂದಿರುಗುವಾಗ ನನ್ನ ಮನೆಯವಳು ಹೋಳಿಗೆಯ ಡಬ್ಬಿಯೊಂದನ್ನು ಅವನ ಕೈಗಿಟ್ಟು, ಮುತ್ಯಾನಿಗೆ ತಪ್ಪದೆ ಮುಟ್ಟಿಸಬೇಕೆಂದು ಎರಡೆರಡು ಸಲ ಹೇಳಿದಳು.