ವೀಣೆಯ ಅಂಚುಪಟ್ಟಿ

ನಾದಕ್ಕೆ ತಂತಿ ಕಾರಣವೆಂಬುದನ್ನು ಎಲ್ಲರೂ ಬಲ್ಲರು. ಕುದುರೆ, ಮೆಟ್ಟು, ಬಿರಡೆಗಳ ಮಹತ್ತ್ವವನ್ನು ವಾದಕರು ಬಲ್ಲರು. ಆದರೆ ಹಲಗೆಯೂ ಕೊಡವೂ ಕೂಡುವ ಸಂದಿನ ಸುತ್ತ ಬಿಗಿದಿರುವ ತೆಳುವಾದ ಅಂಚುಪಟ್ಟಿಯ ಕಡೆಗೆ ನಮ್ಮ ದೃಷ್ಟಿ ಹಾಯುವುದು ಅದು ಬಿಟ್ಟುಕೊಂಡಾಗ ಮಾತ್ರ. ಅದು ಕೇವಲ ಅಲಂಕಾರವಲ್ಲ. ಮರದ ಸಂದನ್ನು ತೇವದಿಂದಲೂ ಪೆಟ್ಟಿನಿಂದಲೂ ಕಾಯುವ ಕಾವಲು. ಪಾಶ್ಚಾತ್ಯರ ಗಿಟಾರಿಗೂ ಇಂಥದೇ ಪಟ್ಟಿಯುಂಟು; ಎರಡಕ್ಕೂ ಬರುವ ವ್ಯಾಧಿ ಒಂದೇ.

ಘಾಟಿ ಸುಬ್ರಹ್ಮಣ್ಯದ ನಮ್ಮ ಮನೆಯಲ್ಲಿ ನನ್ನ ತಾಯಿಯವರ ವೀಣೆಯೊಂದಿದೆ. ಅವರು ಗತಿಸಿದ ಮೇಲೆ ಅದು ಹಲವು ವರ್ಷ ಗವಸಿನೊಳಗೇ ಇದ್ದಿತು. ಕಳೆದ ವರ್ಷ ಮಗಳು ಅಭ್ಯಾಸಕ್ಕೆಂದು ಹೊರತೆಗೆದಾಗ, ದಂಡಿಯು ಕೊಡವನ್ನು ಸೇರುವ ಕೊರಳಿನಲ್ಲಿ ಪಟ್ಟಿ ಎರಡು ಅಂಗುಲದಷ್ಟು ಮೇಲೆದ್ದು ಸೆರಗನ್ನು ಹಿಡಿಯುತ್ತಿತ್ತು. ನಗರದ ಅಂಗಡಿಯೊಂದರಲ್ಲಿ, "ಹಳೆಯದನ್ನೆಲ್ಲ ಕಿತ್ತು ಹೊಸ ಪ್ಲಾಸ್ಟಿಕ್ ಪಟ್ಟಿ ಹಾಕಿಕೊಡುತ್ತೇವೆ" ಎಂದರು. ಅದು ಸುಲಭದ ಮಾರ್ಗವೇ. ಆದರೆ ಆ ಪಟ್ಟಿಯ ಮೇಲೆ ತಾಯಿಯವರ ಬಳೆ ಉಜ್ಜಿ ಉಜ್ಜಿ ಮೂಡಿದ ಗೆರೆಗಳಿದ್ದವು. "ಅಪ್ಪಾಜಿ, ಅಜ್ಜಿಯ ಬಳೆಯ ಗುರುತು ಹೋಗುವುದಾದರೆ ನನಗೆ ಹೊಸ ವೀಣೆಯನ್ನೇ ಕೊಡಿಸಿಬಿಡಿ" ಎಂದಳು ಮಗಳು. ಉತ್ತರ ಕೊಡಲಾಗದೆ ವೀಣೆಯನ್ನು ಹೊತ್ತು ಹಿಂದಿರುಗಿದೆವು.

ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರವು ಹಲಸಿನ ಮರದಿಂದ ವೀಣೆ ನಿರ್ಮಿಸುವ ಕುಟುಂಬಗಳಿಗೆ ಹೆಸರಾದ ಊರು. ಪೆನ್ನ ಓಬಳಯ್ಯನವರಂಥ ಹಿರಿಯರು ಬೆಂಗಳೂರಿನಲ್ಲಿ ಕಲಿತ ವಿದ್ಯೆಯನ್ನು ಅಲ್ಲಿಗೆ ತಂದು ಬೇರೂರಿಸಿದರು. ಅಂಥ ಕಸುಬಿನವರೊಬ್ಬರ ಮುಂದೆ ವೀಣೆಯನ್ನಿಟ್ಟೆವು. ಅವರು ಪುಟ್ಟ ಕನ್ನಡಿಯೊಂದನ್ನು ಪಟ್ಟಿಯ ಹಿಂಬದಿಗೆ ಹಿಡಿದು ಪರೀಕ್ಷಿಸಿದರು. ಕನ್ನಡಿಯಲ್ಲಿಯೇ ಹಿಂಬದಿಯ ನರಸಿಂಹನ ದರ್ಶನ ಮಾಡುವ ಘಾಟಿಯವರಾದ ನಮಗೆ ಆ ಕ್ರಮ ಅಪರಿಚಿತವೆನಿಸಲಿಲ್ಲ. "ಮೇಷ್ಟ್ರೇ, ಅಂಟು ಬಿಟ್ಟಿರೋದು ಆಮೇಲಿನ ಮಾತು. ಪಟ್ಟಿಯೇ ಕುಗ್ಗಿದೆ. ಒತ್ತಿ ಅಂಟಿಸಿದರೆ ಮತ್ತೆ ಏಳುತ್ತೆ" ಎಂದರು.

ಹಿಂದೆ ಇಂಥ ಪಟ್ಟಿಗಳಿಗೆ ಆನೆಯ ದಂತವನ್ನೂ ಜಿಂಕೆಯ ಕೊಂಬನ್ನೂ ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಾದ ತಿದ್ದುಪಡಿಯಿಂದ ನಮ್ಮ ದೇಶದ ಆನೆಗಳ ದಂತದ ವ್ಯಾಪಾರ ನಿಷಿದ್ಧವಾಯಿತು. ನಮ್ಮಂಥ ಸಾಮಾನ್ಯರ ಮನೆಯ ವೀಣೆಗೆ ಅದಕ್ಕೂ ಮೊದಲೇ ಸೆಲ್ಯುಲಾಯ್ಡ್ ಬಂದಿತ್ತು. 1870ರಲ್ಲಿ ಅಮೆರಿಕದ ಹಯಟ್ ಎಂಬಾತ ಹಕ್ಕುಪತ್ರ ಪಡೆದ ಈ ಪದಾರ್ಥದಲ್ಲಿ ಹತ್ತಿಯ ನಾರಿನ ಸತ್ತ್ವದೊಡನೆ ಬೆರೆತಿರುವುದು ನಮ್ಮ ಆರತಿಯ ಕರ್ಪೂರವೇ! ವರ್ಷಗಳು ಕಳೆದಂತೆ ಕರ್ಪೂರ ಸದ್ದಿಲ್ಲದೆ ಆವಿಯಾಗುತ್ತದೆ, ಪಟ್ಟಿ ಕುಗ್ಗುತ್ತದೆ. ಮರವಾದರೋ ಎಳೆಯ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ. ಹೊರಕ್ಕೆ ಉಬ್ಬಿದ ಕೊಡದ ಮೇಲೆ ಕುಗ್ಗಿದ ಪಟ್ಟಿ ಇನ್ನಷ್ಟು ಬಿಗಿಯಾಗಿ ಕೂರುತ್ತದೆ. ಒಳಕ್ಕೆ ಬಾಗಿದ ಕೊರಳಿನಲ್ಲಾದರೆ ಬಿಲ್ಲಿನ ಹೆದೆಯಂತೆ ನೆಟ್ಟಗಾಗಿ ಮರವನ್ನು ಬಿಟ್ಟು ಏಳುತ್ತದೆ. ಗಿಟಾರಿನ ಸೊಂಟದಲ್ಲಿ ಪಟ್ಟಿ ಏಳುವುದಕ್ಕೂ ಇದೇ ಕಾರಣ.

ಅವರು ಹಿಡಿದ ಉಪಾಯ ಹೀಗಿದ್ದಿತು. ಎದ್ದ ಭಾಗವನ್ನಷ್ಟೇ ಅಲ್ಲದೆ, ಅಲ್ಲಿಂದ ಯಾಳಿಯ ಕಡೆಯ ತುದಿಯವರೆಗೂ ತೆಳುವಾದ ಅಲಗಿನಿಂದ ಪಟ್ಟಿಯನ್ನು ಮೆಲ್ಲಮೆಲ್ಲನೆ ಬಿಡಿಸಿದರು. ಗಟ್ಟಿಗಟ್ಟಿದ್ದ ಹಳೆಯ ಅಂಟನ್ನು ಕೆರೆದು ತೆಗೆದರು. ಸೆಲ್ಯುಲಾಯ್ಡ್ ಬೆಂಕಿಗೆ ಥಟ್ಟನೆ ಹೊತ್ತಿಕೊಳ್ಳುವ ವಸ್ತುವಾದುದರಿಂದ ದೀಪವನ್ನೂ ಒಲೆಯನ್ನೂ ದೂರವಿರಿಸಿದರು. ಬಳಿಕ ಮೊದಲು ಬಾಗಿನಲ್ಲಿ ಒತ್ತಿ ಕೂರಿಸಿ, ಅಲ್ಲಿಂದ ತುದಿಯವರೆಗೆ ಅಂಟಿಸಿ, ಬಟ್ಟೆಯ ಪಟ್ಟಿಯಿಂದ ಬಿಗಿಯಾಗಿ ಸುತ್ತಿ ಒಂದು ದಿನ ಬಿಟ್ಟರು. ಬಿಚ್ಚಿ ನೋಡಿದಾಗ ಕೊರಳು ಒಪ್ಪವಾಗಿತ್ತು. ತುದಿಯಲ್ಲಿ ಮಾತ್ರ ಅಕ್ಕಿಕಾಳಿನಷ್ಟು ತೆರಪು ಉಳಿದಿತ್ತು. ಅಲ್ಲಿಗೆ ಹೊಸದೊಂದು ತುಣುಕನ್ನು ಕೂಡಿಸಿದರು. ಬಳೆಯ ಗೆರೆಗಳು ಇದ್ದಲ್ಲಿಯೇ ಇದ್ದವು.

ವ್ಯಾಕರಣ ಬೋಧಿಸುವ ನನಗೆ ಇದು ಲೋಪಾಗಮಗಳ ಪಾಠದಂತೆ ತೋರಿತು. ಕಳೆದುಹೋದ ಕರ್ಪೂರವನ್ನು ಯಾರೂ ಮರಳಿ ತರಲಾರರು. ಆದರೆ ಕೊರತೆಯನ್ನು ಭಾರ ಬೀಳುವ ಎಡೆಯಿಂದ ತುಂಬಲು ಸಾಧ್ಯವಾದ ಎಡೆಗೆ ಸರಿಸಬಹುದು, ಕುಶಲತೆಯೆಂದರೆ ಅದೇ.

ಬಸವಣ್ಣನವರು ಕಾಯವನ್ನೇ ದಂಡಿಗೆಯಾಗಿ ಭಾವಿಸಿದ ವಚನವನ್ನು ಬೋಧಿಸುವ ದಿನ ಈ ಬಾರಿ ವೀಣೆಯನ್ನೇ ತರಗತಿಗೆ ಒಯ್ದೆ. ಮಕ್ಕಳು ದಂಡಿಯನ್ನೂ ಬುರುಡೆಯನ್ನೂ ಮುಟ್ಟಿ ನೋಡಿದರು. ಹಳದಿಗಟ್ಟಿದ ಪಟ್ಟಿಯ ತುದಿಯ ಬಿಳಿಯ ತುಣುಕನ್ನು ತೋರಿಸಿ ಬಾಲಕನೊಬ್ಬ, "ಇದೊಂದೇ ಯಾಕೆ ಸರ್ ಬೆಳ್ಳಗಿದೆ?" ಎಂದು ಕೇಳಿದ. ಆ ದಿನದ ಉಳಿದ ಪಾಠವೆಲ್ಲ ಆ ಪ್ರಶ್ನೆಗೆ ಉತ್ತರವಾಗಿಯೇ ನಡೆಯಿತು.