ಕಾನ್ಹೇರಿಯ ಏರಿನಲ್ಲಿ ಸೈಕಲ್

ತೀರ್ಥಹಳ್ಳಿಯ ಮನೆ ಮಾರಿದ ಮೇಲೆ ಮಗಳಿಗೆ ಇನ್ನು ಕಾಡು ತೋರಿಸುವುದೆಲ್ಲಿ ಎಂಬ ಚಿಂತೆಯಿತ್ತು. ಕಳೆದ ಭಾನುವಾರ ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು. ಒಳಗೆ ಬಾಡಿಗೆ ಸೈಕಲ್ ಸಿಗುತ್ತದೆ. ಗೇಟಿನಿಂದ ಕಾನ್ಹೇರಿ ಗುಹೆಗಳಿಗೆ ಸುಮಾರು 6 ಕಿ.ಮೀ. ಹೈವೇ ಸದ್ದು ಯಾವಾಗ ನಿಂತಿತೋ ತಿಳಿಯಲಿಲ್ಲ. ಕೊನೆಯ ಏರಿನಲ್ಲಿ ನನ್ನ ಮಂಡಿ ಸೋತಿತು. ಇಳಿದು ತಳ್ಳಿದೆ, ಅವಳು ತುಳಿದಳು. ಮೇಲೆ ಕರಿಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು, ಪಕ್ಕದಲ್ಲೇ ಮಳೆನೀರಿನ ತೊಟ್ಟಿಗಳು.

ಹೋಗುವವರು ಬೆಳಗ್ಗೆಯೇ ಹೊರಡಿ, ಸೋಮವಾರ ರಜೆ. ನೀರು ಒಯ್ಯಿರಿ. ಚಿರತೆಗಳಿರುವ ಕಾಡು, ಕತ್ತಲಿಗೆ ಮುಂಚೆ ಮರಳಿ.

ಮನೆಗೆ ಬಂದವಳೇ ಶಿವಮೊಗ್ಗದ ಅಜ್ಜಿಗೆ ಫೋನ್ ಮಾಡಿದಳು: "ಅಜ್ಜಿ, ನಮ್ಮೂರಲ್ಲೂ ಕಾಡಿದೆ!" ನಮ್ಮೂರು ಅಂದರೆ ಮುಂಬಯಿ. ನಾನು ತಿದ್ದಲಿಲ್ಲ.