ಲಾಂಚ್ ಹತ್ತಿದ ದೋಣಿ

ಊದ್ ಮೇಥಾದಲ್ಲಿ ಕೂತು ಊರಿನ ಖರ್ಚು ಬರೆಯೋದು ನನಗೆ ಹೊಸದಲ್ಲ. ಆದರೆ ದೋಣಿಯ ಲೆಕ್ಕ ಬರೆದದ್ದು ಒಮ್ಮೆ ಮಾತ್ರ.

ನಮ್ಮದು ಸಾಗರ ತಾಲ್ಲೂಕಿನ ತುಮರಿ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಶರಾವತಿ ಹಿನ್ನೀರು ತುಂಬಿ ಊರು ದ್ವೀಪದಂತಾಯಿತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ದಾಟಲು ಲಾಂಚೇ ಗತಿ. ಕತ್ತಲಾದರೆ ಅದೂ ಇಲ್ಲ. ಹೆರಿಗೆ ನೋವು, ಹಾವಿನ ವಿಷ ಬೆಳಗಿನ ತನಕ ಕಾಯುತ್ತವಾ? ಅದಕ್ಕೇ ನಾಲ್ಕು ಮನೆಯವರು ಸೇರಿ ಹೊನ್ನಾವರದಲ್ಲಿ ಹಳೇ ಫೈಬರ್ ದೋಣಿ ಕೊಂಡರು. ನನ್ನ ಪಾಲನ್ನು ಇಲ್ಲಿಂದ ಕಳಿಸಿದೆ; ಲೆಕ್ಕವೂ ನನ್ನದೇ.

ಭಾವ ಟ್ರೈಲರ್ ಮೇಲೆ ಹುಲ್ಲು ಹಾಸಿ, ದೋಣಿ ಇಟ್ಟು, ಹಗ್ಗ ಬಿಗಿದು ಗೇರುಸೊಪ್ಪೆ ಘಟ್ಟ ಹತ್ತಿಸಿದರು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಲಾಂಚಿಗೆ ವಾಹನ ಹತ್ತಿಸುತ್ತಿರಲಿಲ್ಲ. ಹಾಗಾಗಿ ಡಿಸೆಂಬರಿನಲ್ಲೇ ತಂದದ್ದು.

“ದೋಣಿಗೂ ಲಾಂಚ್ ಬೇಕಾ ಭಾವ?” ಅಂತ ಫೋನಲ್ಲಿ ಕೇಳಿದೆ.

“ದೋಣಿ ತೇಲುತ್ತೆ ಮಾರಾಯ, ಟ್ರೈಲರ್ ಈಜುತ್ತಾ?” ಅಂದರು. ಬಸ್ಸಿನ ಪಕ್ಕ ನಿಂತ ದೋಣಿ ನೋಡಿ ಲಾಂಚಿನಲ್ಲಿದ್ದವರೆಲ್ಲ ನಕ್ಕರಂತೆ. ಅದೇ ದೋಣಿ ಮುಂದೆ ಎರಡು ರಾತ್ರಿ ರೋಗಿಗಳನ್ನು ದಡ ಸೇರಿಸಿತು.

2025ರ ಜುಲೈ 14ರಂದು 2.44 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾಯಿತು. ಈಗ ನಡುರಾತ್ರಿಯೂ ಹೊಳೆ ದಾಟಬಹುದು. ದೋಣಿ, ಟ್ರೈಲರ್ ಎರಡನ್ನೂ ಮಾರಿ ಪಾಲು ಹಂಚಿಕೊಳ್ಳೋಣ ಅಂತ ಊರಲ್ಲಿ ಮಾತು. ಮಾರಿ, ಆದರೆ ಹಂಚಬೇಡಿ ಅಂತ ನಾನು ಹೇಳಿದ್ದೇನೆ. ಸೇತುವೆ ಬಂದರೂ ಸಾಗರದ ಆಸ್ಪತ್ರೆ ಹತ್ತಿರ ಬಂದಿಲ್ಲ. ಅಪರಾತ್ರಿಯಲ್ಲಿ ಗಾಡಿ ಬಾಡಿಗೆಗೆ ಆ ದುಡ್ಡು ಇರಲಿ. ಖಾತೆ ಬರೆಯೋಕೆ ನಾನಿದ್ದೇನೆ.